ಬೀಗ ಹಾಕಬಹುದಾದ ಡೇರೆ: ಯುದ್ಧದಿಂದ ಊರು ಬಿಟ್ಟವರ ‘ಬೆಟರ್ ಶೆಲ್ಟರ್’ ಹೇಗಿದೆ?

ಯುದ್ಧದ ದೆಸೆಯಿಂದ ಊರು ಬಿಟ್ಟು ಬಂದ ಕುಟುಂಬಕ್ಕೆ ಪರಿಹಾರದ ಲಾರಿಯಿಂದ ಮೊದಲು ಇಳಿಯುವುದು ಸಾಮಾನ್ಯವಾಗಿ 4×5 ಮೀಟರಿನ ಟಾರ್ಪಾಲು. ಆಮೇಲೆ, ಅದೃಷ್ಟವಿದ್ದರೆ, ಟೆಂಟು. ಟೆಂಟಿನ ಬಟ್ಟೆ ಒಂದು ವರ್ಷ ಬಿಸಿಲು ತಡೆದುಕೊಂಡರೆ ದೊಡ್ಡದು. ಯುದ್ಧವೇನೂ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಟೆಂಟಿಗೂ ಪಕ್ಕಾ ಮನೆಗೂ ನಡುವಿನ ಈ ಖಾಲಿ ಕಾಲಕ್ಕೆಂದೇ ಸ್ವೀಡನ್ನಿನಲ್ಲಿ ರೂಪುಗೊಂಡದ್ದು ‘ಬೆಟರ್ ಶೆಲ್ಟರ್’. 2010ರಲ್ಲಿ ವಿನ್ಯಾಸದ ಕೆಲಸ ಶುರುವಾಯಿತು, ಪೀಠೋಪಕರಣ ಮಾರುವ ಐಕಿಯದ ದತ್ತಿ ಸಂಸ್ಥೆ ಐಕಿಯ ಫೌಂಡೇಶನ್ ಹಣ ಹಾಕಿತು, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಜೊತೆಗೂಡಿತು. 2015ರಲ್ಲಿ ಅದೇ ಸಂಸ್ಥೆ 10,000 ಘಟಕಗಳಿಗೆ ಆರ್ಡರ್ ಕೊಟ್ಟಿತು. ಶಿಬಿರಗಳಲ್ಲಿ ಕೆಲಸ ಮಾಡುವವರ ಬಾಯಲ್ಲಿ ಇದು ‘ರೆಫ್ಯೂಜಿ ಹೌಸಿಂಗ್ ಯುನಿಟ್’, ಚಿಕ್ಕದಾಗಿ ‘ಆರ್‌ಎಚ್‌ಯು’.

ತೀರ್ಪು ಮೊದಲೇ ಹೇಳಿಬಿಡೋಣ. ಸಮತಟ್ಟು ಜಾಗ, ನೆಲ ಏರಿಸಲು ಮಣ್ಣು, ಮೂರು ವರ್ಷದ ರಿಪೇರಿಗೆ ಹಣ, ಈ ಮೂರೂ ಕೈಯಲ್ಲಿದ್ದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬಹುದು. ಮೂರರಲ್ಲಿ ಒಂದು ಇಲ್ಲದಿದ್ದರೂ ಟೆಂಟೇ ವಾಸಿ. ಕಾರಣ ಇದರ ಗುಣವೆಲ್ಲ ಬಾಗಿಲಿನಲ್ಲಿದೆ, ಆ ಬಾಗಿಲು ಕೆಟ್ಟ ನೆಲದ ಮೇಲೆ ಕೆಲಸ ಮಾಡುವುದಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ ಅಂದರೆ: ಜಿಂಕ್ ಲೇಪಿತ ಉಕ್ಕಿನ ಕೊಳವೆಗಳ ಚೌಕಟ್ಟು, ಗೋಡೆಗೂ ಛಾವಣಿಗೂ ಹಗುರವಾದ ಪ್ಲಾಸ್ಟಿಕ್ ಹಲಗೆಗಳು, ಸೊಳ್ಳೆಪರದೆ ಇರುವ ನಾಲ್ಕು ಕಿಟಕಿ, ಬೀಗದ ಬಾಗಿಲು, ನೆಲಕ್ಕೆ ಬಿಗಿಯುವ ಆಂಕರುಗಳು, ಒಂದು ಸೋಲಾರ್ ದೀಪ. ಎಲ್ಲ ಸೇರಿ ಸುಮಾರು 160 ಕಿಲೋ, ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತದೆ. ಒಂದೊಂದು ಪೆಟ್ಟಿಗೆಯನ್ನು ನಾಲ್ಕು ಜನ ಹೊರಬಹುದು, ಅಂದರೆ ಲಾರಿ ಹೋಗದ ದಾರಿಯ ಕೊನೆಯ ನೂರಿನ್ನೂರು ಮೀಟರಿಗೆ ಕ್ರೇನ್ ಬೇಡ. ಕಟ್ಟಿ ನಿಲ್ಲಿಸಿದಾಗ ಹೊರ ಅಳತೆ 5.68 ಮೀಟರ್ ಉದ್ದ, 3.32 ಮೀಟರ್ ಅಗಲ, ನೆತ್ತಿ 2.83 ಮೀಟರ್, ಪಕ್ಕದ ಗೋಡೆ 1.84 ಮೀಟರ್. ಒಳಗಿನ ಜಾಗ 17.5 ಚದರ ಮೀಟರ್.

ಈ 17.5 ಎಲ್ಲಿಂದ ಬಂತು? ಪರಿಹಾರ ಕೆಲಸದವರೆಲ್ಲ ಹಿಡಿಯುವ ‘ಸ್ಫಿಯರ್’ ಮಾನದಂಡದ ಪ್ರಕಾರ ತಲೆಗೆ ಕನಿಷ್ಠ 3.5 ಚದರ ಮೀಟರ್ ಸೂರು ಬೇಕು. ಐದು ಜನಕ್ಕೆ ಲೆಕ್ಕ ಸರಿಯಾಗಿ ಕೂರುತ್ತದೆ. ಆದರೆ ಚಳಿ ಪ್ರದೇಶದಲ್ಲಿ, ಇಲ್ಲವೇ ಒಳಗೇ ಅಡುಗೆ ಮಾಡಬೇಕಾದ ಕಡೆ, ಅದೇ ಮಾನದಂಡ ತಲೆಗೆ 4.5ರಿಂದ 5.5 ಕೇಳುತ್ತದೆ. ಆಗ ಇದು ಮೂರೇ ಜನರ ಸೂರು. ಕರಪತ್ರದಲ್ಲಿ ‘ಐದು ಜನರ ಕುಟುಂಬಕ್ಕೆ’ ಎಂದಿರುವುದನ್ನು ನಂಬಿ ಎಂಟು ಜನರ ಕುಟುಂಬಕ್ಕೆ ಒಂದೇ ಘಟಕ ಕೊಡುವುದು ಶಿಬಿರಗಳಲ್ಲಿ ಸುಲಭವಾಗಿ ಆಗಿಬಿಡುವ ಅನ್ಯಾಯ. ಎರಡು ಘಟಕ ಅಕ್ಕಪಕ್ಕ ಕೊಡಬೇಕು, ಕುಟುಂಬವನ್ನು ಒಡೆದು ದೂರದೂರ ಹಾಕಬಾರದು. ಕುಟುಂಬ ಒಟ್ಟಿಗೆ ಇರುವುದು ಉಪಕಾರವಲ್ಲ, ಆಂತರಿಕ ಸ್ಥಳಾಂತರ ಕುರಿತ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳಲ್ಲಿ 17ನೆಯದು.

ಆ ಮಾರ್ಗದರ್ಶಿ ತತ್ವಗಳ ಮಾತು ಬಂದದ್ದರಿಂದ ಒಂದಿಷ್ಟು ಕಾನೂನು. ಗಡಿ ದಾಟಿದವರಿಗೆ 1951ರ ನಿರಾಶ್ರಿತರ ಒಪ್ಪಂದವಿದೆ. ಗಡಿ ದಾಟದೆ ತಮ್ಮ ದೇಶದಲ್ಲೇ ಅಲೆಯುವವರಿಗೆ ಅಂಥದ್ದು ಇರಲಿಲ್ಲ. ಸುಡಾನಿನ ರಾಜತಾಂತ್ರಿಕ ಫ್ರಾನ್ಸಿಸ್ ಡೆಂಗ್ ಅವರ ಮುಂದಾಳತ್ವದಲ್ಲಿ ಈ 30 ತತ್ವಗಳು ರೂಪುಗೊಂಡವು. ಒಪ್ಪಂದವಲ್ಲ, ಆದರೆ ಇರುವ ಕಾನೂನನ್ನೇ ಜೋಡಿಸಿಟ್ಟದ್ದು. ಆಫ್ರಿಕಾದ ದೇಶಗಳು 2009ರ ಕಂಪಾಲಾ ಒಪ್ಪಂದದಲ್ಲಿ ಇದೇ ವಿಷಯವನ್ನು ಕಟ್ಟುಪಾಡಿನ ಕಾನೂನಾಗಿ ಮಾಡಿಕೊಂಡವು. ಇನ್ನೂ ಹಿಂದಿನದು ಜಿನೀವಾ ಒಪ್ಪಂದಗಳ 1977ರ ಎರಡನೇ ಹೆಚ್ಚುವರಿ ಪ್ರೋಟೋಕಾಲ್: ಅಂತರ್ಯುದ್ಧದಲ್ಲಿ ಅನಿವಾರ್ಯವಾಗಿ ನಾಗರಿಕರನ್ನು ಸ್ಥಳಾಂತರಿಸಿದರೆ ಸೂರು, ಶುಚಿತ್ವ, ಆರೋಗ್ಯ, ಸುರಕ್ಷತೆ, ಆಹಾರ ಇವು ಸಮರ್ಪಕವಾಗಿರುವಂತೆ ಸಾಧ್ಯವಾದದ್ದೆಲ್ಲ ಮಾಡಬೇಕೆಂದು ಅದರ 17ನೇ ವಿಧಿ ಹೇಳುತ್ತದೆ. ಸೂರಿನ ಪಕ್ಕದಲ್ಲೇ ಸುರಕ್ಷತೆ ಇದೆ, ನೋಡಿ. ಟೆಂಟು ಮೊದಲನೆಯದನ್ನು ಕೊಡುತ್ತದೆ. ಎರಡನೆಯದು ಟೆಂಟಿನ ಜಿಪ್ಪಿಗೆ ಆಗದ ಕೆಲಸ. ಬ್ಲೇಡು ಇದ್ದವನಿಗೆ ಟೆಂಟಿನ ಗೋಡೆಯೇ ಬಾಗಿಲು.

ಆದ್ದರಿಂದಲೇ ಈ ಕಿಟ್ಟಿನಲ್ಲಿ ನಿಜವಾಗಿ ಬೆಲೆ ಬಾಳುವ ಭಾಗ ಒಳಗಿನಿಂದಲೂ ಹೊರಗಿನಿಂದಲೂ ಬೀಗ ಹಾಕಬಹುದಾದ ಗಟ್ಟಿ ಬಾಗಿಲು. ರಾತ್ರಿ ಒಳಗೆ ಚಿಲಕ ಹಾಕಿಕೊಂಡು ಮಲಗುವುದು ಲೈಂಗಿಕ ಹಿಂಸೆಯಿಂದ ರಕ್ಷಣೆಯ ಮೊದಲ ಮೆಟ್ಟಿಲು. ಹಗಲು ಹೊರಗೆ ಬೀಗ ಹಾಕಿಕೊಂಡು ಹೋಗುವುದಂತೂ ಇಡೀ ದಿನದ ಲೆಕ್ಕವನ್ನೇ ಬದಲಿಸುತ್ತದೆ: ಜನನ ಪತ್ರ, ಜಮೀನಿನ ಕಾಗದ, ಪಡಿತರ ಚೀಟಿ ಕಾಯಲು ಮನೆಯಲ್ಲಿ ಒಬ್ಬರು ಕೂರಬೇಕಿಲ್ಲ. ಸಾಮಾನ್ಯವಾಗಿ ಹಾಗೆ ಕೂರುವುದು ಶಾಲೆಗೆ ಹೋಗಬೇಕಾದ ಹೆಣ್ಣುಮಗು.

ಬೀಗದ ಜೊತೆ ಕೀಲಿಯ ಪ್ರಶ್ನೆಯೂ ಬರುತ್ತದೆ. ಹಂಚುವಾಗ ಎಲ್ಲ ಕೀಲಿಗಳನ್ನೂ ಕುಟುಂಬದ ಕೈಗೇ ಕೊಟ್ಟು ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ‘ತುರ್ತಿಗೆ ಇರಲಿ’ ಎಂದು ಒಂದು ಕೀಲಿಯನ್ನು ಶಿಬಿರದ ಕಚೇರಿಯಲ್ಲಿ ನೇತುಹಾಕಿದರೆ ಬೀಗ ಇದ್ದೂ ಇಲ್ಲದಂತೆ. ಕಿರುಕುಳ ಕೊಡುವವರು ಯಾವಾಗಲೂ ಹೊರಗಿನವರೇ ಆಗಿರುವುದಿಲ್ಲ. ಹಂಚಿಕೆ ಚೀಟಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ದಾಖಲೆಗಳನ್ನು ತಮ್ಮ ಹೆಸರಿನಲ್ಲೇ ಪಡೆಯುವ ಹಕ್ಕು ಹೆಂಗಸರಿಗೂ ಗಂಡಸರಷ್ಟೇ ಇದೆ ಎನ್ನುವುದು 20ನೇ ತತ್ವ.

ಇನ್ನು ಕಟ್ಟುವ ಕೆಲಸ. ನಾಲ್ಕು ಜನ, ಐದಾರು ಗಂಟೆ ಎಂಬ ಲೆಕ್ಕ ಸರಿಯೇ, ನೆಲ ಸಿದ್ಧವಾಗಿದ್ದರೆ. ನೆಲ ಸಿದ್ಧ ಮಾಡುವ ಹೊತ್ತನ್ನು ಆ ಲೆಕ್ಕದಲ್ಲಿ ಹಿಡಿದಿಲ್ಲ. ಗಟ್ಟಿ ನೆಲ ಪೆಟ್ಟಿಗೆಯಲ್ಲಿ ಬರುವುದೂ ಇಲ್ಲ. ಚೌಕಟ್ಟಿನ ಸುತ್ತ ಒಂದು ಅಡಿಗಿಂತ ಹೆಚ್ಚು ಅಂಚು ಬಿಟ್ಟು ಸುಮಾರು 6.5×4.2 ಮೀಟರ್ ಜಾಗವನ್ನು 15 ಸೆಂಟಿಮೀಟರ್ ಏರಿಸಬೇಕೆಂದರೆ ಒಂದು ಘಟಕಕ್ಕೆ 4 ಘನ ಮೀಟರಿಗೂ ಸ್ವಲ್ಪ ಹೆಚ್ಚು ಮೊರಂ ಮಣ್ಣು ಬೇಕು, ದಮ್ಮಸ್ಸು ಮಾಡಿದ ಮೇಲಿನ ಅಳತೆಯಲ್ಲಿ. ಸಡಿಲ ಮಣ್ಣು ಕಾಲು ಭಾಗದಷ್ಟು ಹೆಚ್ಚು ತರಿಸಿಕೊಳ್ಳಿ. ಎರಡು ಪದರದಲ್ಲಿ ಹಾಕಿ, ನೀರು ಚಿಮುಕಿಸಿ, ಒಂದೊಂದು ಪದರವನ್ನೂ ಬೇರೆಬೇರೆಯಾಗಿ ದಮ್ಮಸ್ಸು ಮಾಡಬೇಕು. ಒಂದೇ ಸಲ ಸುರಿದು ತುಳಿದರೆ ಮೊದಲ ಮಳೆಗೆ ಒಂದು ಮೂಲೆ ಕುಸಿಯುತ್ತದೆ.

ಮೂಲೆ ಕುಸಿದರೆ ಏನಾಗುತ್ತದೆ ಎಂಬುದೇ ಈ ಉತ್ಪನ್ನದ ಕಥೆಯ ತಿರುಳು. ಚೌಕಟ್ಟು ಓರೆಯಾಗುತ್ತದೆ, ಬಾಗಿಲು ಒಂದು ಕಡೆ ಜಗ್ಗುತ್ತದೆ, ಚಿಲಕದ ನಾಲಿಗೆ ತೂತಿಗೆ ಕೂರುವುದಿಲ್ಲ. ಮನೆಯವರು ಒಂದು ವಾರ ಎತ್ತಿ ಎತ್ತಿ ಹಾಕುತ್ತಾರೆ, ಆಮೇಲೆ ಹಗ್ಗ ಕಟ್ಟುತ್ತಾರೆ. ಅಲ್ಲಿಗೆ ಟೆಂಟಿನ ಎರಡರಷ್ಟು ಬೆಲೆ ಕೊಟ್ಟು ಟೆಂಟನ್ನೇ ಕೊಂಡಂತಾಯಿತು.

ಅದಕ್ಕೇ ತಳದ ಚೌಕಟ್ಟು ಜೋಡಿಸಿದ ಕೂಡಲೇ ಎರಡು ಪರೀಕ್ಷೆ. ಒಂದು, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಹೊರ ಅಳತೆಯಲ್ಲಿ ಸುಮಾರು 6.6 ಮೀಟರ್ ಬರುತ್ತದೆ, ಆದರೆ ಅಂಕಿಗಿಂತ ಎರಡೂ ಒಂದೇ ಬರುವುದು ಮುಖ್ಯ. ಬೆರಳಗಲ ವ್ಯತ್ಯಾಸ ಬಂದರೂ ಅಲ್ಲೇ ತಳ್ಳಿ ಸರಿಮಾಡಿ, ಛಾವಣಿ ಕೂತ ಮೇಲೆ ಆಗುವುದಿಲ್ಲ. ಎರಡು, ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಾಲ್ಕೂ ಮೂಲೆಯ ಮಟ್ಟ ನೋಡಿ. ಇಷ್ಟಾದ ಮೇಲೆ ಆಂಕರು. ಮರಳು ನೆಲದಲ್ಲಿ ಆಂಕರು ಹಿಡಿಯುವುದಿಲ್ಲ. ಮರಳು ತುಂಬಿದ ಚೀಲಗಳನ್ನು ತಳದ ಪಟ್ಟಿಯ ಮೇಲೆ ಹೇರಬೇಕು, ಇಲ್ಲವೇ ಅಡ್ಡ ಕಂಬ ಹೂಳಿ ಅದಕ್ಕೆ ಕಟ್ಟಬೇಕು. ಬಂಡೆ ನೆಲದಲ್ಲಿ ಆಂಕರು ಇಳಿಯುವುದೇ ಇಲ್ಲ, ಅಲ್ಲಿಯೂ ಭಾರವೇ ಗತಿ.

ಛಾವಣಿ ಆದ ಮೇಲೆ ಗೋಡೆ, ಕಡೆಗೆ ಬಾಗಿಲು. ಚಿತ್ರಗಳಲ್ಲೇ ಹೇಳುವ ಕೈಪಿಡಿ ಇರುವುದರಿಂದ ಅರಬ್ಬಿ, ಸೋಮಾಲಿ, ಸ್ಪ್ಯಾನಿಶ್ ಎಂಬ ತಕರಾರಿಲ್ಲ. ಆದರೂ ತಂಡದಲ್ಲಿ ಮೊದಲೊಮ್ಮೆ ಕಟ್ಟಿ ಬಿಚ್ಚಿದವರು ಒಬ್ಬರಿರಲಿ. ಹಲಗೆಗಳನ್ನು ಹಿಡಿದಿಡುವ ಕೊಂಡಿಗಳನ್ನು ಬಿಗಿಯುವಾಗ ಅವಸರ ಮಾಡಿದರೆ ಗಾಳಿಗೆ ಹಲಗೆ ಪಟಪಟ ಬಡಿದು ತೂತಿನ ಸುತ್ತ ಹರಿಯುತ್ತದೆ, ಹರಿದ ಕಡೆಯಿಂದ ಮಳೆ ಇಳಿಯುತ್ತದೆ. ಕಟ್ಟಿದ ಮೂರನೇ ದಿನ ಒಮ್ಮೆ, ಮೊದಲ ಜೋರು ಗಾಳಿಯ ಮರುದಿನ ಒಮ್ಮೆ ಎಲ್ಲವನ್ನೂ ಮತ್ತೆ ಬಿಗಿಮಾಡುವುದು ಕಡ್ಡಾಯ. ಕಡೆಯ ಪರೀಕ್ಷೆ ಮನೆಯ ಹಿರಿಯ ಹೆಂಗಸಿನದು: ಆಕೆ ಒಂದೇ ಕೈಯಲ್ಲಿ, ಕತ್ತಲಲ್ಲಿ, ಒಳಗಿನಿಂದ ಬೀಗ ಹಾಕಿ ತೆಗೆಯಲು ಆಗಬೇಕು. ಆಗದಿದ್ದರೆ ಕೆಲಸ ಮುಗಿದಿಲ್ಲ.

ಬೆಂಕಿಯ ವಿಷಯದಲ್ಲಿ ಇದರ ಚರಿತ್ರೆ ಚೆನ್ನಾಗಿಲ್ಲ, ಮುಚ್ಚಿಡಬೇಕಿಲ್ಲ. 2015ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರ ಒಂದು ಸಭಾಂಗಣದೊಳಗೆ 62 ಘಟಕ ಹಾಕಿ ಆಶ್ರಯ ಕೋರಿದವರನ್ನು ಇರಿಸಲು ಹೊರಟು, ಬೆಂಕಿ ಪರೀಕ್ಷೆಯ ಫಲಿತಾಂಶ ನೋಡಿ ಕೈಬಿಟ್ಟಿತು. ಆಮೇಲೆ ವಿನ್ಯಾಸ ತಿದ್ದಿದ್ದಾರೆ. ಆದರೆ ಪ್ಲಾಸ್ಟಿಕ್ ಹಲಗೆ ಪ್ಲಾಸ್ಟಿಕ್ ಹಲಗೆಯೇ. ಗೋದಾಮಿನಲ್ಲಿ ಉಳಿದ ಹಳೆಯ ಸರಕನ್ನು ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ತಯಾರಾದ ವರ್ಷವನ್ನೂ ಆವೃತ್ತಿಯನ್ನೂ ಬೆಂಕಿ ಪರೀಕ್ಷೆಯ ವರದಿಯನ್ನೂ ಕೇಳಿಯೇ ಮುಂದುವರಿಯಿರಿ. ಒಳಗೆ ಒಲೆ ಉರಿಸುವಂತಿಲ್ಲ, ಹಾಗಾಗಿ ಪ್ರತಿ ಘಟಕಕ್ಕೂ ಹೊರಗೆ ಅಡುಗೆಗೆ ಒಂದು ಮರೆ ಕಟ್ಟಿಕೊಡಲೇಬೇಕು. ಆ ಖರ್ಚನ್ನು ಸೂರಿನ ಖರ್ಚಿಗೇ ಸೇರಿಸಿ. ‘ಒಳಗೆ ಒಲೆ ಹಚ್ಚಬೇಡಿ’ ಎಂದು ಬೋರ್ಡು ಹಾಕಿ ಕೈ ತೊಳೆದುಕೊಂಡರೆ ಮಳೆಗಾಲದಲ್ಲಿ ಎಲ್ಲರೂ ಒಳಗೇ ಹಚ್ಚುತ್ತಾರೆ, ಹಚ್ಚದೆ ಇನ್ನೇನು ಮಾಡಿಯಾರು?

ಬೆಂಕಿ ಹಬ್ಬದಿರಲು ಘಟಕಗಳ ನಡುವೆ ಕನಿಷ್ಠ 2 ಮೀಟರ್ ಬಿಡಬೇಕೆಂಬುದು ನಿಯಮ. ಎತ್ತರದ ಎರಡರಷ್ಟು, ಅಂದರೆ ಇಲ್ಲಿ ಸುಮಾರು 5.7 ಮೀಟರ್ ಬಿಟ್ಟರೆ ನಿಜವಾದ ನೆಮ್ಮದಿ. ಪ್ರತಿ 300 ಮೀಟರ್ ಸಾಲಿಗೆ 30 ಮೀಟರಿನ ಖಾಲಿ ಪಟ್ಟಿ ಬೇಕು. ಇಲ್ಲಿಗೆ ಜಾಗದ ಲೆಕ್ಕ ಬಂತು, ಹೆಚ್ಚಿನ ಯೋಜನೆಗಳು ಎಡವುವುದು ಇಲ್ಲೇ. ಅಡುಗೆ ಜಾಗ, ದಾರಿ, ಶೌಚಾಲಯ ಎಲ್ಲ ಸೇರಿ ತಲೆಗೆ 45 ಚದರ ಮೀಟರ್ ಬೇಕು. 200 ಘಟಕ, 1,000 ಜನ ಎಂದಿಟ್ಟುಕೊಳ್ಳಿ: 4.5 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 11 ಎಕರೆಗೆ ಸ್ವಲ್ಪ ಮೇಲೆ. ತಲೆಗೆ 15 ಲೀಟರಿನಂತೆ ದಿನಕ್ಕೆ 15,000 ಲೀಟರ್ ನೀರು, 250 ಜನಕ್ಕೊಂದರಂತೆ ಕನಿಷ್ಠ ನಾಲ್ಕು ನಲ್ಲಿ, 20 ಜನಕ್ಕೊಂದರಂತೆ 50 ಶೌಚಾಲಯ. ಶೌಚಾಲಯ ಸೂರಿನಿಂದ 50 ಮೀಟರಿಗಿಂತ ದೂರ ಇರಬಾರದು, ಒಳಗಿನಿಂದ ಚಿಲಕ ಇರಬೇಕು, ದಾರಿಯಲ್ಲಿ ಬೆಳಕಿರಬೇಕು. ಮನೆಗೆ ಬೀಗ ಇದ್ದು ಶೌಚಾಲಯಕ್ಕೆ ಕತ್ತಲಲ್ಲಿ ದೂರ ನಡೆಯಬೇಕಾದರೆ ಹೆಂಗಸರು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ನಕ್ಷೆ ಬರೆಯುವ ಮೊದಲೇ ಅವರನ್ನು ಕೇಳಿ. ಯೋಜನೆಯಲ್ಲೂ ಹಂಚಿಕೆಯಲ್ಲೂ ಹೆಂಗಸರ ಪೂರ್ಣ ಪಾಲು ಇರಬೇಕೆಂದು 18ನೇ ತತ್ವ ಬಿಡಿಸಿಯೇ ಹೇಳಿದೆ.

ಸೆಕೆ ಇದರ ಇನ್ನೊಂದು ಕೊರತೆ. ಮೊದಲ ಮಾದರಿಗಳನ್ನು 2013ರಲ್ಲಿ ಇಥಿಯೋಪಿಯಾದ ಡೊಲ್ಲೊ ಅಡೊದಲ್ಲಿ ಸೋಮಾಲಿಯಾದವರ ನಡುವೆ, ಇರಾಕಿನ ಕುರ್ದಿಸ್ತಾನದಲ್ಲಿ ಸಿರಿಯಾದವರ ನಡುವೆ ಇಟ್ಟು ನೋಡಿದರು. ಎರಡೂ ಬಿರುಬಿಸಿಲಿನ ಜಾಗ. ಬಟ್ಟೆಯ ಟೆಂಟಿಗಿಂತ ವಾಸಿ ನಿಜ, ಆದರೆ ನಡುಮಧ್ಯಾಹ್ನ ಬಾಗಿಲು ಮುಚ್ಚಿ ಒಳಗಿರುವುದು ಕಷ್ಟ. ಪರಿಹಾರ ಅಗ್ಗದ್ದೇ: ಛಾವಣಿಯ ಮೇಲೆ ಒಂದು ಗೇಣಿಗೂ ಹೆಚ್ಚು ಅಂತರ ಬಿಟ್ಟು ಪ್ರತ್ಯೇಕ ಕಂಬಗಳಿಗೆ ನೆರಳು ಬಲೆ ಕಟ್ಟುವುದು. ಛಾವಣಿಗೇ ಕಟ್ಟಬೇಡಿ, ಗಾಳಿಯ ಎಳೆತವೆಲ್ಲ ಹಲಗೆಯ ಮೇಲೆ ಬೀಳುತ್ತದೆ. ಉದ್ದದ ಬದಿ ಗಾಳಿಗೆ ಎದುರಾಗದಂತೆ, ಪಶ್ಚಿಮಕ್ಕೆ ಕಿರಿದಾದ ಗೋಡೆ ಬರುವಂತೆ ಕೂರಿಸುವುದು ಪುಕ್ಕಟೆ ಉಪಾಯ. ಎರಡೂ ಒಟ್ಟಿಗೆ ಆಗದಿದ್ದರೆ ಗಾಳಿಗೇ ಮೊದಲ ಮರ್ಯಾದೆ.

ಸೋಲಾರ್ ದೀಪ ಚಿಕ್ಕದು, ಸುಮಾರು ನಾಲ್ಕು ಗಂಟೆ ಬೆಳಕು, ಜೊತೆಗೆ ಯುಎಸ್‌ಬಿ ಕಿಂಡಿಯಲ್ಲಿ ಮೊಬೈಲ್ ಚಾರ್ಜು. ಮೊಬೈಲ್ ಶೋಕಿಯಲ್ಲ, ಕಾಣೆಯಾದವರ ಸುದ್ದಿ, ಸಂದರ್ಶನದ ದಿನಾಂಕ, ಹಣ ಬಂದ ಸಂದೇಶ ಎಲ್ಲ ಅದರಲ್ಲೇ. ಎಲ್ಲಕ್ಕಿಂತ ಮೊದಲು ಸಾಯುವುದು ಇದರ ಬ್ಯಾಟರಿ, ಹತ್ತಕ್ಕೆ ಒಂದಾದರೂ ಹೆಚ್ಚುವರಿ ಇಟ್ಟುಕೊಳ್ಳಿ.

ಗಾಲಿಕುರ್ಚಿಯವರ ಬಗ್ಗೆ ಒಂದು ಲೆಕ್ಕ: 15 ಸೆಂಟಿಮೀಟರ್ ಏರಿಸಿದ ನೆಲಕ್ಕೆ 1:12ರ ಇಳಿಜಾರಿನಲ್ಲಿ 1.8 ಮೀಟರ್ ಉದ್ದದ ಇಳುಕಲು ದಾರಿ ಬೇಕು. ಘಟಕಗಳ ನಡುವೆ ಎರಡೇ ಮೀಟರ್ ಬಿಟ್ಟಿದ್ದರೆ ಇದಕ್ಕೆ ಜಾಗ ಎಲ್ಲಿ? ಹಾಗಾಗಿ ಅಂಗವಿಕಲರಿರುವ ಕುಟುಂಬಗಳಿಗೆ ಸಾಲಿನ ತುದಿಯ, ಶೌಚಾಲಯಕ್ಕೆ ಹತ್ತಿರದ ಘಟಕ ಮೀಸಲಿಡಿ. ಒಳಗೆ ಒಂದೇ ಕೋಣೆ. ಹದಿಹರೆಯದ ಮಕ್ಕಳಿರುವ ಮನೆಗೆ ಒಂದು ತಂತಿ, ಒಂದು ಪರದೆ ಕೊಟ್ಟರೆ ಸಾಕು, ಆದರೆ ಅದನ್ನು ಕೊಡುವವರು ಕಡಿಮೆ.

ಹಣದ ವಿಷಯ. ಶುರುವಿನಲ್ಲಿ ಒಂದರ ಬೆಲೆ ಸುಮಾರು 1,150 ಡಾಲರ್, ಟೆಂಟಿನ ಎರಡರಷ್ಟು ಎಂದು ಲೆಕ್ಕ. ಸಾಗಣೆ, ಮಣ್ಣು, ಕೂಲಿ ಬೇರೆ. ರಿಪೇರಿ ಮಾಡಿಸುತ್ತಾ ಹೋದರೆ ಮೂರು ವರ್ಷ, ಕೈಬಿಟ್ಟರೆ ಒಂದೂವರೆ ವರ್ಷ ಬಾಳಿಕೆ. ಭಾಗಿಸಿ ನೋಡಿ: ಮೂರು ವರ್ಷ ಬಂದರೆ ತಿಂಗಳಿಗೆ 32 ಡಾಲರ್, ಒಂದೂವರೆ ವರ್ಷವಾದರೆ 64. ಅರ್ಧ ಬೆಲೆಯ ಟೆಂಟು ಒಂದು ವರ್ಷ ಬಂದರೆ ತಿಂಗಳಿಗೆ 48. ಅಂದರೆ ಟೆಂಟಿಗಿಂತ ಅಗ್ಗವೋ ದುಬಾರಿಯೋ ಎಂಬುದನ್ನು ತೀರ್ಮಾನಿಸುವುದು ತಯಾರಿಸಿದ ಕಾರ್ಖಾನೆಯಲ್ಲ, ಶಿಬಿರದ ರಿಪೇರಿ ಬಜೆಟ್ಟು. ದಾನಿಗಳಿಗೆ ಹೊಸ ಸೂರಿನ ಮುಂದೆ ಫೋಟೊ ತೆಗೆಸಿಕೊಳ್ಳಲು ಇಷ್ಟ, ಚಿಲಕದ ತಿರುಪಿಗೆ ಹಣ ಕೊಡಲು ಅಷ್ಟಿಲ್ಲ. ಖರೀದಿಯ ದಿನವೇ ಶೇಕಡಾ ಹತ್ತರಷ್ಟನ್ನು ಹಲಗೆ, ಕೊಂಡಿ, ಬೀಗ, ದೀಪಗಳ ಬಿಡಿಭಾಗಕ್ಕೆ ತೆಗೆದಿಡಬೇಕು. ಬಿಡಿಭಾಗಗಳು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥವಲ್ಲ. ಇದು ಸಣ್ಣ ದೂರಲ್ಲ, ದೊಡ್ಡದೇ.

ಅಂದಹಾಗೆ ಲಂಡನ್ನಿನ ಡಿಸೈನ್ ಮ್ಯೂಸಿಯಂ ಇದಕ್ಕೆ 2016ನೇ ಸಾಲಿನ ‘ವರ್ಷದ ವಿನ್ಯಾಸ’ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ತಪ್ಪಲ್ಲ. ಮ್ಯೂಸಿಯಂ ಹಾಲಿನಲ್ಲಿ ಮಳೆ ಬರುವುದಿಲ್ಲ, ಅಷ್ಟೇ.

ಸರ್ಕಾರಗಳ ಪಾತ್ರವನ್ನೂ ಹೇಳಬೇಕು. ಸಿರಿಯಾದಿಂದ ಜನ ಹರಿದುಬಂದಾಗ ಲೆಬನಾನ್ ಈ ಸೂರನ್ನು ಮೊದಮೊದಲು ಒಪ್ಪಲಿಲ್ಲ. ಗಟ್ಟಿ ಗೋಡೆ ಕಂಡರೆ ಬಂದವರು ಇಲ್ಲೇ ನೆಲೆಯೂರುತ್ತಾರೆಂಬ ಅಂಜಿಕೆ. ಆಶ್ರಯ ಕೊಡುವ ಹಲವು ಸರ್ಕಾರಗಳಿಗೆ ಬೇಕಾದದ್ದು ಕಿತ್ತುಹಾಕಲು ಬರುವ ಮನೆ. ಬಿಚ್ಚಿ ಒಯ್ಯಬಹುದು ಎನ್ನುವುದೇ ಇಂಥ ಕಡೆ ಇದರ ಮಾರಾಟದ ಬಲ. ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮಲ್ಲೇ ಇದೆ: 1960ರಲ್ಲಿ ಆಗಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. ನೆಲ ಸಿಕ್ಕಿದವರಿಗೆ ಪೆಟ್ಟಿಗೆಯ ಮನೆ ಬೇಕಾಗಲಿಲ್ಲ, ತಾವೇ ಕಟ್ಟಿಕೊಂಡರು.

ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಸಂವಿಧಾನದ 21ನೇ ವಿಧಿ ನಾಗರಿಕರಲ್ಲದವರ ಜೀವಕ್ಕೂ ಅನ್ವಯಿಸುತ್ತದೆಂದು ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಮಣಿಪುರದವರಂತೂ ನಾಗರಿಕರೇ. 2023ರ ಮೇ 3ರಿಂದ ಶುರುವಾದ ಹಿಂಸೆಯಲ್ಲಿ ಸುಮಾರು 60,000 ಜನ ಮನೆ ಬಿಟ್ಟರು. ಶಾಲೆ, ಕಾಲೇಜು, ಸಮುದಾಯ ಭವನಗಳು ತುಂಬಿದ ಮೇಲೆ ಸರ್ಕಾರ ಪ್ರಿಫ್ಯಾಬ್, ಅಂದರೆ ಸಿದ್ಧ ಭಾಗಗಳನ್ನು ಜೋಡಿಸುವ ಮನೆಗಳನ್ನು ಕಟ್ಟಿಸಿತು. ತಯಾರಕರು ಬೇರೆ, ಆದರೆ ಅಲ್ಲಿಗೆ ನೆರವು ಕಳಿಸುವ ನಮ್ಮ ಸಂಘಟನೆಗಳು ಕೇಳಬೇಕಾದ ಪ್ರಶ್ನೆಗಳು ಇವೇ: ತಲೆಗೆ ಎಷ್ಟು ಜಾಗ, ಬಾಗಿಲಿಗೆ ಒಳಚಿಲಕ ಇದೆಯೇ, ಕೀಲಿ ಯಾರ ಕೈಲಿ, ಶೌಚಾಲಯ ಎಷ್ಟು ದೂರ.

ಯಾವ ಸೂರಿಗೂ ಆಗದ ಕೆಲಸಗಳಿವೆ. ಬಿಟ್ಟು ಬಂದ ಹೊಲಮನೆಯನ್ನು ಇನ್ನೊಬ್ಬರು ಒತ್ತುವರಿ ಮಾಡದಂತೆ ಕಾಯುವುದು 21ನೇ ತತ್ವದ ಪ್ರಕಾರ ಸರ್ಕಾರದ ಹೊಣೆ. ಶಿಬಿರದ ಗೇಟಿನಲ್ಲಿ ಜನರನ್ನು ತಡೆದು ಕೂಡಿಹಾಕುವಂತಿಲ್ಲ ಎಂಬುದು 12ನೇ ತತ್ವ. ಒಂದು ಮಾತ್ರ ಖರೀದಿದಾರರ ಕೈಯಲ್ಲೇ ಇದೆ: ಸೂರು ಹಳತಾಯಿತು, ಹೊಸದಕ್ಕೆ ಹಣವಿಲ್ಲ, ಇನ್ನು ಊರಿಗೆ ಹೋಗಿ ಎಂದು ದಬ್ಬುವ ನೆಪ ಆಗದಂತೆ ನೋಡಿಕೊಳ್ಳುವುದು. ಮರಳುವಿಕೆ ಸ್ವಇಚ್ಛೆಯಿಂದ, ಸುರಕ್ಷಿತವಾಗಿ ಆಗಬೇಕೆಂದು 28ನೇ ತತ್ವ ಹೇಳುತ್ತದೆ. ಹಾಗಾಗಿ ಮೂರನೇ ವರ್ಷದ ಯೋಜನೆ ಮೊದಲ ವರ್ಷವೇ ಕಾಗದದ ಮೇಲಿರಬೇಕು.

ಆ ಯೋಜನೆಗೆ ಈ ಉತ್ಪನ್ನದಲ್ಲೇ ಒಂದು ದಾರಿ ಇದೆ. ಹಲಗೆ ಬೇಗ ಸಾಯುತ್ತದೆ, ಉಕ್ಕಿನ ಚೌಕಟ್ಟು ಹಾಗಲ್ಲ. ಇದನ್ನು ತಯಾರಿಸುವ ಸಂಸ್ಥೆ ಈಚೆಗೆ ಬರಿ ಚೌಕಟ್ಟನ್ನೇ ‘ಸ್ಟ್ರಕ್ಚರ್’ ಎಂಬ ಹೆಸರಿನಲ್ಲಿ ಮಾರುತ್ತಿದೆ: ಆರಂಭದಲ್ಲಿ ಟಾರ್ಪಾಲು ಹೊದಿಸಿ, ಆಮೇಲೆ ಬಿದಿರು ತಟ್ಟಿ, ಮಣ್ಣು, ತಗಡು, ಆ ಊರಿನಲ್ಲಿ ಏನು ಸಿಗುತ್ತದೋ ಅದರಿಂದ ಗೋಡೆ ಕಟ್ಟಿಕೊಳ್ಳಬಹುದು. ಹಳೆಯ ಪೂರ್ತಿ ಕಿಟ್ಟು ಇರುವವರೂ ಹಲಗೆ ಕಿತ್ತು ಇದನ್ನೇ ಮಾಡಬಹುದು. ಭಾರದ ಗೋಡೆಯನ್ನು ಚೌಕಟ್ಟಿಗೆ ನೇತುಹಾಕದೆ ನೆಲದ ಮೇಲೇ ನಿಲ್ಲಿಸಿ, ಮಣ್ಣಿನ ಗೋಡೆಯಾದರೆ ಬುಡಕ್ಕೆ ಒಂದು ಅಡಿ ಕಲ್ಲು ಹಾಕಿ. ಹಳೆಯ ಬಾಗಿಲನ್ನು ಎಸೆಯಬೇಡಿ, ಕೀಲು ಬದಲಿಸಿ ಅದನ್ನೇ ಮತ್ತೆ ಕೂರಿಸಿ.